ಐಸ್ ಹಾಕಿಯ 'ಪಾಯಿಂಟ್': ಅಂಕವೋ, ಜಾಗವೋ?

ಪ್ರಶ್ನೆ: ಸ್ವೀಡನ್ನಿನ ಡಿಫೆನ್ಸ್‌ಮನ್ ನಿಕ್ಲಾಸ್ ಲಿಡ್‌ಸ್ಟ್ರಾಮ್ ಅವರ ವೃತ್ತಿಜೀವನದ ಬಗ್ಗೆ ಪರಿಚಯ ಲೇಖನ ಸಿದ್ಧವಾಗುತ್ತಿದೆ. ಅವರು 1,142 ಪಾಯಿಂಟ್ ಗಳಿಸಿದರು ಎಂದು ಒಂದು ಕಡೆ, ಪವರ್‌ಪ್ಲೇ ಹೊತ್ತಿನಲ್ಲಿ ಪಾಯಿಂಟ್‌ನಲ್ಲಿ ಆಡುತ್ತಿದ್ದರು ಎಂದು ಇನ್ನೊಂದು ಕಡೆ ಬರುತ್ತದೆ. ಎರಡಕ್ಕೂ 'ಅಂಕ' ನಡೆಯುತ್ತದೆಯೇ? ಡಿಫೆನ್ಸ್‌ಮನ್‌ಗೆ 'ರಕ್ಷಕ' ಎನ್ನಬಹುದೇ? ಅವರ ಅಂಕಿಅಂಶದಲ್ಲಿ ಬರುವ 'ಪ್ಲಸ್ 450' ಏನನ್ನು ಸೂಚಿಸುತ್ತದೆ?

ಉತ್ತರ 1: ಮೊದಲನೆಯದಕ್ಕೆ ಮಾತ್ರ 'ಅಂಕ' ಹೊಂದುತ್ತದೆ. ಗೋಲು ಹೊಡೆದವನಿಗೆ ಒಂದು ಅಂಕ, ಅದಕ್ಕೆ ಮುಂಚೆ ಪಾಸ್ ಕೊಟ್ಟವರಿಗೆ, ಹೆಚ್ಚೆಂದರೆ ಇಬ್ಬರಿಗೆ, ಅಸಿಸ್ಟ್ ಲೆಕ್ಕದಲ್ಲಿ ತಲಾ ಒಂದು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಪರ 1991ರಿಂದ 2012ರವರೆಗೆ ಲೀಗ್ ಹಂತದ 1,564 ಪಂದ್ಯಗಳಲ್ಲಿ ಲಿಡ್‌ಸ್ಟ್ರಾಮ್ 264 ಗೋಲು, 878 ಅಸಿಸ್ಟ್ ಗಳಿಸಿದರು. ಕೂಡಿದರೆ ನಿಮ್ಮ 1,142.

ಎರಡನೆಯದು ಮೈದಾನದ ಒಂದು ಜಾಗ. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಒಳಬದಿಗೆ, ಗೋಲಿನಿಂದ ಸುಮಾರು 60 ಅಡಿ ದೂರದಲ್ಲಿ ಡಿಫೆನ್ಸ್‌ಮನ್ ನಿಲ್ಲುವ ತಾಣ. ಪಕ್, ಅಂದರೆ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ, ಗೆರೆ ದಾಟಿ ಹೊರಗೆ ಹೋಯಿತೆಂದರೆ ದಾಳಿಗಿಳಿದವರೆಲ್ಲ ಹೊರಬಂದೇ ಮತ್ತೆ ಒಳಗೆ ಹೋಗಬೇಕು. ಹಾಗಾಗಿ ಅಲ್ಲಿ ನಿಂತವನ ಮೊದಲ ಕೆಲಸ ಪಕ್ಕನ್ನು ಒಳಗೇ ಉಳಿಸುವುದು. ಹೊಡೆತ ಮುಂದೆ ನಿಂತ ಎದುರಾಳಿಯ ಮೊಣಕಾಲ ಕೆಳಗಿನ ಪ್ಯಾಡಿಗೆ ತಾಗಿದರೆ ಅವನು ಪಕ್ಕನ್ನು ವಶಕ್ಕೆ ತೆಗೆದುಕೊಂಡು ನುಗ್ಗುತ್ತಾನೆ, ತಡೆಯಲು ಹಿಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರುವುದಿಲ್ಲ. ಗುಂಪಿನ ನಡುವೆ ಸಂದು ನೋಡಿ, ತಗ್ಗಿಗೆ, ಗುರಿಗೆ ಸರಿಯಾಗಿ ಕಳಿಸುವುದರಲ್ಲಿ ಲಿಡ್‌ಸ್ಟ್ರಾಮ್ ನಿಸ್ಸೀಮರು. ಈ ಜಾಣತನ 'ಅಂಕಕ್ಕಾಗಿ ಆಡಿದರು' ಎಂದು ಬರೆದರೆ ಅಳಿಸಿಹೋಗುತ್ತದೆ. 'ನೀಲಿ ಗೆರೆಯ ಬಳಿ ನಿಂತು ಆಡುತ್ತಿದ್ದರು' ಎಂದು ಬರೆಯಿರಿ.

ಪವರ್‌ಪ್ಲೇ ಎಂದೊಡನೆ ನಮ್ಮ ಓದುಗರಿಗೆ ಕ್ರಿಕೆಟ್ ನೆನಪಾಗುತ್ತದೆ. ಇಲ್ಲಿ ಅದು ಎದುರಾಳಿಯ ಆಟಗಾರನೊಬ್ಬ ದಂಡನೆಗೆ, ಸಾಮಾನ್ಯವಾಗಿ 2 ನಿಮಿಷ, ಹೊರಗೆ ಕೂತಿರುವ ಹೊತ್ತು. ಮೊದಲ ಸಲ ಬಂದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಉತ್ತರ 2: 'ರಕ್ಷಕ' ಬೇಡ. ಓದುಗ ಗೋಲ್‌ಕೀಪರ್ ಎಂದುಕೊಳ್ಳುತ್ತಾನೆ. ಕ್ರೀಡಾಪುಟಗಳಲ್ಲಿ ರೂಢಿಯಿರುವ 'ರಕ್ಷಣಾ ಆಟಗಾರ' ಸಾಕು. ಜೊತೆಗೆ, ಗೋಲ್‌ಕೀಪರ್ ಅಲ್ಲದೆ ಐವರು ಆಡುವಾಗ ಇವರು ಇಬ್ಬರ ಜೋಡಿಯಾಗಿ ಇಳಿಯುತ್ತಾರೆ ಎಂದೂ ಸೇರಿಸಿ. ನಮ್ಮ ಕೊಡಗಿನ ಹಾಕಿಯ ಹನ್ನೊಂದು ಜನರ ಲೆಕ್ಕ ಇಲ್ಲಿಲ್ಲ.

'ಪ್ಲಸ್ 450' ಗೋಲುಗಳ ಸಂಖ್ಯೆಯಲ್ಲ. ಅವರು ಮಂಜುಗಡ್ಡೆಯ ಅಂಕಣದಲ್ಲಿದ್ದಾಗ ತಮ್ಮ ತಂಡ ಗೋಲು ಹೊಡೆದರೆ ಒಂದು ಕೂಡುತ್ತದೆ, ಬಿಟ್ಟುಕೊಟ್ಟರೆ ಒಂದು ಕಳೆಯುತ್ತದೆ. ಪವರ್‌ಪ್ಲೇ ಗೋಲುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಬಲಿಷ್ಠ ತಂಡದಲ್ಲಿದ್ದವರ ಸಂಖ್ಯೆ ತಾನಾಗಿಯೇ ಏರುತ್ತದೆ. ಆದ್ದರಿಂದ ಲೇಖನದಲ್ಲಿ ಇದಕ್ಕಿಂತ ಮೊದಲ ಜಾಗ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿಗೆ ಸಲ್ಲಬೇಕು. ಅದನ್ನು ಅವರು ಗೆದ್ದದ್ದು 7 ಸಲ. 2008ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಲ್ಲುವ ಸ್ಟಾನ್ಲಿ ಕಪ್ ಗೆದ್ದ ತಂಡದ ನಾಯಕರೂ ಅವರೇ, ಯುರೋಪಿನಲ್ಲಿ ಹುಟ್ಟಿ ಬೆಳೆದು ಆ ಗೌರವ ಪಡೆದವರಲ್ಲಿ ಮೊದಲಿಗರು. 'ನಾಯಕ' ಎಂಬಲ್ಲಿ ಮಾತ್ರ ಅನುವಾದದ ತೊಡಕೇನೂ ಇಲ್ಲ.