ಅಡಿಕೆ ಮರ ಹತ್ತುವವರಿಗೆ ಸುರಕ್ಷತೆ ಬಗ್ಗೆ ಹೇಳೋದು ಹೇಗೆ? ಸಭೆ ಕರೆದರೆ ಬರೋದೇ ಇಲ್ಲ

ಸಂಘದ ಲೆಕ್ಕದಕ್ಕ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತುವವರು. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯೋದು, ಆಮೇಲೆ ಕೊನೆ (ಅಡಿಕೆ ಗೊನೆ) ಕೊಯ್ಯೋದು ಅವರ ಕೆಲಸ. ನಾನು ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಸಂಘದಲ್ಲಿ ಇರುವ ಸುಮಾರು ಹೆಂಗಸರ ಗಂಡಂದಿರು, ತಮ್ಮಂದಿರು ಇದೇ ಕೆಲಸದವರು. ಈ ಸಲ ಮಳೆ ಹಿಡಿಯೋ ಮೊದಲು ಸುರಕ್ಷತೆ ಬಗ್ಗೆ ಊರಲ್ಲಿ ಏನಾದರೂ ಮಾಡಲೇಬೇಕು ಅಂತ ಎಲ್ಲರೂ ಕೂತು ಮಾತಾಡಿದ್ದೇವೆ.

ಕಳೆದ ವರ್ಷ ಒಂದು ಇಲಾಖೆಯವರು ಬಂದು ಮಾಡಿದ್ದರು. ಬ್ಯಾನರ್, ಮೈಕು, ಹಾರ ಎಲ್ಲ ಇತ್ತು. ಆದರೆ ಇಟ್ಟಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ! ಆ ಹೊತ್ತಿಗೆ ಕೊನೆಗೌಡ ಮರದ ಮೇಲಿರ್ತಾನೆ. ಮುಂದಿನ ಸಾಲಲ್ಲಿ ಕೂತವರಲ್ಲಿ ಒಬ್ಬರೂ ಮರ ಹತ್ತುವವರಲ್ಲ. ತೋರಿಸಿದ್ದೂ ಕಾರ್ಖಾನೆ ಚಿತ್ರ. ಹೆಲ್ಮೆಟ್ಟು, ಬೂಟು, ಕೈಗವಸು. ಮನೆಗೆ ಬಂದು ಹೇಳಿದರೆ ನಮ್ಮನೆಯವರು, "ಬೂಟು ಹಾಕ್ಕೊಂಡು ಅಡಿಕೆ ಮರ ಹತ್ತಿ ತೋರಿಸೋಕೆ ಹೇಳು ಅವರಿಗೆ" ಅಂತ ನಕ್ಕರು.

ನಗೋ ವಿಷಯ ಅಲ್ಲ ಇದು. ಪಕ್ಕದ ಊರಲ್ಲಿ ಮರದಿಂದ ಬಿದ್ದವರೊಬ್ಬರಿಗೆ ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ. ಅವರ ಹೆಂಡತಿ ಸಂಘದ ಸಭೆಗೆ ಬರೋದು ನಿಲ್ಲಿಸಿದ್ದಾರೆ, ಪುರುಸೊತ್ತು ಎಲ್ಲಿಂದ ಬರಬೇಕು?

ಎಲ್ಲಿ, ಯಾವಾಗ, ಏನು ಹೇಳಿದರೆ ಇವರ ಕಿವಿಗೆ ಬೀಳುತ್ತೆ? ಮಾಡಿದ ಅನುಭವ ಇರೋರು ದಯವಿಟ್ಟು ಹೇಳಿ. ಭಾಷಣಕ್ಕೆ ಯಾರನ್ನು ಕರೆಯಬೇಕು ಅನ್ನೋದು ಬೇಡ.

ಹಳೇ ಕೊನೆಗಾರ, ಸಾಗರ

ತಂಗೀ, ಮೊದಲು ಸಭೆ ಅನ್ನೋ ಶಬ್ದವನ್ನೇ ಬಿಟ್ಟುಬಿಡಮ್ಮ. ಸಭೆ ಅಂದರೆ ಒಂದು ದಿನದ ಕೂಲಿ ಹೋಯ್ತು ಅಂತಲೇ ನಮ್ಮವರು ತಿಳಿಯೋದು.

ಬೋರ್ಡೋ, ಅದೇ ಕೊಳೆ ರೋಗಕ್ಕೆ ಹೊಡೆಯೋ ಔಷಧಿ, ಕಲಸೋ ಹೊತ್ತು ಹಿಡಿ. ತೋಟದ ಮನೆ ಅಂಗಳದಲ್ಲಿ ತಿಂಡಿ ಆಗಿರುತ್ತೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತ ಕರಗೋವರೆಗೆ ಹತ್ತೋವನು, ಪೈಪ್ ಎಳೆಯೋವನು, ಯಜಮಾನರು ಎಲ್ಲ ಅಲ್ಲೇ ನಿಂತಿರ್ತಾರೆ. ಎಲ್ಲರೂ ಒಟ್ಟಿಗೆ ಸಿಗೋದು ಅದೊಂದೇ ಹೊತ್ತು. ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡ್ತಾರಲ್ಲ, ಕತ್ತಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಕಾಯಿ ಸುಡುತ್ತೆ ಅಂತ? ಆ ಕತ್ತಿ ಎತ್ತಿ ಹಿಡಿದು ಕೇಳು. ಕಾಯಿ ಸುಡೋದು ಕಣ್ಣು ಸುಡಲ್ವಾ? ಬೇರೆ ಪಾಠ ಬೇಡ. ಬೈಕ್ ಓಡಿಸೋರ ಬಿಳಿ ಕನ್ನಡಕ ಒಂದೊಂದು ಕೊಡಿ. ಮಳೆಗೆ ಮಂಜು ಕಟ್ಟುತ್ತೆ ಅಂತ ಗೊಣಗ್ತಾರೆ, ನಿಜ. ಆದರೂ ಕೆಳಗೆ ನಿಂತು ಮೇಲಕ್ಕೆ ಮುಖ ಮಾಡೋವನಿಗೆ ಬೇಕೇ ಬೇಕು, ಹನಿ ಪೂರ್ತಿ ಬೀಳೋದು ಅವನ ಮುಖಕ್ಕೆ.

ಬೀಳೋದರ ವಿಷಯ. ಅಜಾಗರೂಕತೆ ಅಂತ ನಮ್ಮ ತಲೆಗೇ ಕಟ್ಟಿ ಕೈ ತೊಳ್ಕೊಳ್ತಾರೆ. ಕೂಲಿ ಹೇಗೆ ಲೆಕ್ಕ ಹಾಕ್ತಾರೆ ಅಂತ ನೋಡಿ ಸ್ವಲ್ಪ. ಕೊಯ್ಲು ಕೊನೆ ಲೆಕ್ಕ, ಔಷಧಿ ಬ್ಯಾರಲ್ ಲೆಕ್ಕ. ಇಳಿದು ಮತ್ತೊಂದು ಮರ ಹತ್ತಿದರೆ ಹೊತ್ತು ಹೋಯ್ತು, ಲೆಕ್ಕ ಕಮ್ಮಿ ಆಯ್ತು. ಅದಕ್ಕೇ ಮೇಲಿಂದಲೇ ಪಕ್ಕದ ಮರ ಎಳೆದುಕೊಂಡು ದಾಟೋದು. ಇನ್ನು ಮಳೆ ಸ್ವಲ್ಪ ಹೊಳವಾದರೆ ಸಾಕು, ನಾಲ್ಕು ಮನೆಯಿಂದ ಫೋನು. "ಕೊಳೆ ಶುರುವಾಗಿದೆ, ಇವತ್ತೇ ಬಾ." ಬಿಸಿಲು ಬೀಳದ ಬದಿಯಲ್ಲಿ ಮರಕ್ಕೆ ಪಾಚಿ ಹಾಗೇ ಇರುತ್ತೆ, ಒಣಗಿರಲ್ಲ. ಅದಕ್ಕೆ ಯಜಮಾನರಿಗೂ ಹೇಳಬೇಕು. ಅವರಿಗೆ ಜಾಸ್ತಿ ಹೇಳಬೇಕು. ಒದ್ದೆ ಮರಕ್ಕೆ ಹತ್ತಿಸಲ್ಲ ಅಂತ ಊರಿನ ನಾಲ್ಕು ದೊಡ್ಡ ತೋಟದವರು ಒಪ್ಪಿದರೆ ಸಣ್ಣವರು ತಾವೇ ಒಪ್ತಾರೆ.

ಬೆಲ್ಟ್ ಬಗ್ಗೆ ಬಾಯಲ್ಲಿ ಹೇಳಬೇಡಿ. ನಾನು ಮಾಡೋದು ಇಷ್ಟೇ. ಹತ್ತಡಿ ಮೇಲೆ ಹೋಗಿ, ಸೊಂಟದ ಬೆಲ್ಟನ್ನು ಮರಕ್ಕೆ ಸುತ್ತಿ ಸಿಕ್ಕಿಸಿ, ಎರಡೂ ಕೈ ಬಿಟ್ಟು ಹಿಂದಕ್ಕೆ ಒರಗೋದು. ಕೆಳಗಿನ ಹುಡುಗರು ಒಂದು ನಿಮಿಷ ಸುಮ್ನೆ ನೋಡ್ತಾರೆ, ಆಮೇಲೆ "ಅಣ್ಣಾ, ನನಗೊಂದು ಸಲ ಕೊಡಿ" ಅಂತಾರೆ. ವಯಸ್ಸಾದವರು ಕೇಳಲ್ಲ, ಅವರ ಹಿಂದೆ ಬೀಳಬೇಡಿ. ಹುಡುಗರನ್ನು ಹಿಡೀರಿ. ಹತ್ತೋವಾಗ ಕಾಲಿಗೆ ಹಾಕೋ ತಳೆ ಹಗ್ಗ ಸವೆದಿದ್ದರೆ ಅಲ್ಲೇ ಕತ್ತರಿಸಿ ಹೊಸದು ಕೊಡಿ, ಸಂಘದ ದುಡ್ಡಲ್ಲಿ ಅಷ್ಟಾಗುತ್ತೆ.

ಹಳ್ಳಿ ನರ್ಸಮ್ಮ

ನಾನು ಶಿರಸಿ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡ್ತೇನೆ. ಕೊನೆಗಾರಣ್ಣ ಹೇಳಿದ್ದು ಸರಿ. ಬಿದ್ದ ಮೇಲಿನ ಮಾತು ನಾನು ಸೇರಿಸ್ತೇನೆ, ಯಾಕೆಂದರೆ ಅದನ್ನು ಕಲಿಯಬೇಕಾದವರು ಕೆಳಗೆ ನಿಂತಿರೋರು, ಅಡಿಗೆಮನೆಯಲ್ಲಿರೋರು.

ಬಿದ್ದವರನ್ನು ನಮ್ಮ ಹತ್ತಿರ ತರೋ ರೀತಿ ನೋಡಿದರೆ ಹೊಟ್ಟೆ ಉರಿಯುತ್ತೆ. ಒಬ್ಬರು ಕಂಕುಳಿಗೆ ಕೈ ಹಾಕಿರ್ತಾರೆ, ಒಬ್ಬರು ಕಾಲು. ನಡುವೆ ಬೆನ್ನು ಜೋತಾಡ್ತಿರುತ್ತೆ. ಅದು ಸಾಲದು ಅಂತ ಜೀಪಿನ ಹಿಂದಿನ ಸೀಟಲ್ಲಿ ಕೂರಿಸಿರ್ತಾರೆ! ಬಿದ್ದಾಗ ಉಳಿದಿದ್ದ ನರ ಇಲ್ಲಿ ಹೋಗಬಹುದು. ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ತಲೆ ಹಿಡಿಯೋಕೆ ಒಬ್ಬರು, ಉಳಿದವರು ಭುಜ, ಸೊಂಟ, ಕಾಲು ಹಿಡಿದು, ಒಂದೇ ಎಣಿಕೆಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆ ಮೇಲೆ ತನ್ನಿ. ಕಾಲ್ಬೆರಳು ಅಲ್ಲಾಡುತ್ತಾ ಅಂತ ಕೇಳಿ, ನಮಗೆ ಬಂದು ಹೇಳಿ.

ಹಲಗೆ ಎಲ್ಲಿಂದ ತರೋದು? ಎಲ್ಲರೂ ಅಡಿಕೆ ಒಣಗಿಸೋ ತಟ್ಟಿ ತರ್ತಾರೆ. ತಟ್ಟಿ ಬಾಗುತ್ತೆ, ಬೇಡ. ಕೊಟ್ಟಿಗೆ ಬಾಗಿಲು ಗಟ್ಟಿ ಇದ್ದರೆ ಕೀಲು ಕಳಚಿ ತನ್ನಿ. ಇನ್ನೂ ಒಳ್ಳೇದು ಅಂದರೆ ಸಂಘದಿಂದ ಆರಡಿಯ ಒಂದು ಪ್ಲೈವುಡ್ ಹಲಗೆ ಮಾಡಿಸಿ, ಎರಡು ಬದಿ ಕೈ ಹಿಡಿಯೋಕೆ ಸೀಳು ಬಿಡಿಸಿ, ಊರ ನಡುವಿನ ಮನೆಯಲ್ಲಿ ಇಡಿ.

108 ಬಗ್ಗೆ. ತೋಟದ ತಗ್ಗಲ್ಲಿ ಸಿಗ್ನಲ್ ಬರಲ್ಲ ಅಲ್ವಾ? ಯಾವ ಕಟ್ಟೆ ಹತ್ತಿರ, ಯಾವ ದರೆ ಮೇಲೆ ನಿಂತರೆ ಸಿಗುತ್ತೆ ಅಂತ ಮನೆಯ ಮಕ್ಕಳಿಗೂ ಗೊತ್ತಿರಬೇಕು. ಮನೆ ಹೆಸರು, ತಿರುಗೋ ಜಾಗ, ಗುರುತು ಬರೆದ ಚೀಟಿ ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಫೋನ್ ಮಾಡೋರು "ನಮ್ಮನೆ ಹತ್ತಿರ" ಅಂತಲೇ ಹೇಳ್ತಾರೆ, ಅವರ ತಪ್ಪಲ್ಲ.

ಕಣ್ಣಿಗೆ ಔಷಧಿ ಬಿದ್ದರೆ ಉಜ್ಜಬಾರದು. ಕಾಲು ಗಂಟೆ ನೀರು ಬಿಡಬೇಕು, ಆಮೇಲೆ ಆಸ್ಪತ್ರೆ. ಮೂಗಿಗೂ ಬಟ್ಟೆ ಸಾಲದು, ಮಾಸ್ಕ್ ಹಾಕಲಿ. 1969ರಲ್ಲೇ ಪೋರ್ಚುಗಲ್ ವೈದ್ಯರು, ದ್ರಾಕ್ಷಿ ತೋಟದಲ್ಲಿ ಇದೇ ಬೋರ್ಡೋ ಹೊಡೆಯುತ್ತಿದ್ದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಾಯವಾಗಿದ್ದನ್ನು ಬರೆದಿಟ್ಟಿದ್ದಾರೆ. ವರ್ಷಾನುಗಟ್ಟಲೆ ಹೊಡೆದು ಕೆಮ್ಮು ಹಿಡಿದವರು ಇದ್ದರೆ ಕಳಿಸಿ, ಬೀಡಿ ಕೆಮ್ಮು ಅಂತ ಬಿಡಬೇಡಿ.

ಕಂಬದ ಹುಡುಗ

ಲೈನ್‌ಮನ್ ನಾನು. ಹತ್ತೋದು ಬಿಟ್ಟು ದೋಟಿಗೆ (ಕೆಳಗೆ ನಿಂತು ಕೊಯ್ಯೋ ಉದ್ದ ಕೋಲು) ಬಂದರೆ ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡಿ. ಕೊನೆಗಾರಣ್ಣನಿಗೆ ಗೊತ್ತಿರುತ್ತೆ, ಉಳಿದವರಿಗೆ ಹೇಳ್ತೇನೆ. ಹಗುರ ಇದೆ ಅಂತ ಎಲ್ಲರೂ ತಗೊಳ್ತಿರೋ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತೆ. ಫೈಬರ್ ಅಂತ ಹೆಸರಿದೆ, ಪ್ಲಾಸ್ಟಿಕ್ ಥರ ಕಾಣುತ್ತೆ, ಅದಕ್ಕೇ ಮೋಸ ಹೋಗ್ತಾರೆ. ಅಲ್ಯೂಮಿನಿಯಂ ಏಣಿಯಷ್ಟೇ ಅಪಾಯ. ಗ್ಲಾಸ್ ಫೈಬರ್ ಆದರೂ ಒದ್ದೆ ಆದಾಗ, ಕೊಳಕು ಹಿಡಿದಾಗ ನಂಬೋ ಹಾಗಿಲ್ಲ. ಅರವತ್ತಡಿ ದೋಟಿ ಮೇಲೆ ವಾಲಿದರೆ ತುದಿ ಎಲ್ಲಿ ಹೋಗುತ್ತೆ ಅಂತ ಕೆಳಗಿದ್ದವನಿಗೆ ಗೊತ್ತಾಗಲ್ಲ. 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನ್ ಆದರೆ ಮುಟ್ಟೋದೂ ಬೇಡ, ಹತ್ತಿರ ಹೋದರೆ ಸಾಕು.

ಲೈನ್ ಹಾದಿರೋ ತೋಟ ಇದ್ದರೆ ಮುಂಚೆಯೇ ನಮ್ಮ ಕರೆಂಟ್ ಸೆಕ್ಷನ್ ಆಫೀಸಿಗೆ ಹೇಳಿ, ಲೈನಿನ ಕರೆಂಟ್ ತೆಗೆಸಿಕೊಂಡು ಕೊಯ್ಯಿರಿ. ಇಲ್ಲ ಅಂದರೆ ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಯಾರಾದರೂ ಸಿಕ್ಕಿಕೊಂಡರೆ ಒಣ ಕೋಲು ತಗೊಂಡು ಓಡಬೇಡಿ. ಮನೆ ಕರೆಂಟಿಗೆ ಅದು ನಡೆದೀತು, 11 ಕೆವಿಗೆ ನಡೆಯಲ್ಲ.

ಅಡಿಕೆ ಯಜಮಾನ

ಎಲ್ಲ ಸರಿ, ತೋಟದವರನ್ನೇ ಬೈದಿದ್ದೀರಿ. ಕೊಳೆ ಬಂದು ಉದುರಿದರೆ ವರ್ಷದ ಬೆಳೆ ಹೋಯ್ತು, ನಮ್ಮ ಅವಸರಕ್ಕೂ ಕಾರಣ ಇದೆ. ಆದರೆ ಬೆಲ್ಟ್ ತೋಟದವರೇ ತೆಗೆದಿಡಬೇಕು ಅನ್ನೋದು ನ್ಯಾಯ, ನಾನು ಎರಡು ತರಿಸಿದ್ದೇನೆ. ವಿಮೆ ಬಗ್ಗೆ ಯಾರೂ ಹೇಳಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಇದೆ. ನಮ್ಮವರಿಗೆ ಕನಿಷ್ಠ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಅದರ ವರ್ಷ ಶುರುವಾಗೋದು ಜೂನ್ 1ಕ್ಕೆ, ಸರಿಯಾಗಿ ಔಷಧಿ ಹೊಡೆಯೋ ಹೊತ್ತಿಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ತಪ್ಪಿಹೋದವರು ನಮ್ಮೂರಲ್ಲೇ ಇದ್ದಾರೆ.

ಸಂಘದ ಲೆಕ್ಕದಕ್ಕ (ಸಿದ್ದಾಪುರ)

ತುಂಬಾ ಉಪಕಾರ ಆಯ್ತು. ಹಲಗೆ ಮತ್ತು ವಿಮೆ ಎರಡೂ ಸಂಘದಿಂದಲೇ ಆಗುತ್ತೆ, ಪಾಸ್‌ಬುಕ್ ಎಲ್ಲ ನನ್ನ ಹತ್ತಿರವೇ ಇರೋದು. ಮೊದಲ ಔಷಧಿ ದಿನ ಎರಡು ಮೂರು ಅಂಗಳಕ್ಕೆ ಹೋಗ್ತೇವೆ. ಕೊನೆಗಾರಣ್ಣ, ನೀವು ಬಂದು ಬೆಲ್ಟ್ ತೋರಿಸ್ತೀರಾ? ಬಸ್ಸಿನ ಖರ್ಚು, ಊಟ ನಮ್ಮದು. ಕಂಬದ ತಮ್ಮಾ, ನಿಮ್ಮ ಸೆಕ್ಷನ್‌ನವರು ಒಬ್ಬರು ಬಂದು ಲೈನ್ ಹಾದ ತೋಟ ಗುರುತು ಮಾಡಿಕೊಡಬಹುದಾ?

ಹಳೇ ಕೊನೆಗಾರ, ಸಾಗರ

ಬರ್ತೇನೆ. ಊಟ ಇರಲಿ, ಹತ್ತಡಿ ಹತ್ತೋಕೆ ಒಂದು ಒಣ ಮರ ನೋಡಿಡು.

ಕಂಬದ ಹುಡುಗ

ಅಕ್ಕಾ, ಮೇ 20ರ ಒಳಗೆ ಅರ್ಜಿ ಕೊಡಿ. ಮಳೆ ಹಿಡಿದ ಮೇಲೆ ಮರ ಬಿದ್ದ ಲೈನ್ ಎತ್ತೋದರಲ್ಲೇ ನಮಗೆ ಹೊತ್ತು ಹೋಗುತ್ತೆ.