ಸ್ಟ್ರೈಕ್ ಮಾಡೋ ಕಾರ್ಮಿಕರ ಜೊತೆ ಚರ್ಚು ನಿಜವಾಗ್ಲೂ ನಿಂತಿದ್ದುಂಟಾ?

ಶಿವಾಜಿನಗರದವಳು:
ಮೇ 1ಕ್ಕೆ ನಮ್ ಚರ್ಚಲ್ಲಿ ಕಾರ್ಮಿಕ ಸಂತ ಜೋಸೆಫರ ಹಬ್ಬ ಮಾಡ್ತೀವಿ, 1955ರಲ್ಲಿ 12ನೇ ಪಿಯುಸ್ ಪೋಪ್ ಶುರು ಮಾಡಿದ್ದು. ದುಡಿಯೋರಿಗೋಸ್ಕರ ಪ್ರಾರ್ಥನೆನೂ ಇರತ್ತೆ. ಪೂಜೆ ಮುಗಿದ್ಮೇಲೆ ಏನು ಅನ್ನೋದು ನನ್ನ ಪ್ರಶ್ನೆ. ಸಂಘ ಕಟ್ಟೋದು ಕಾರ್ಮಿಕರ ಹಕ್ಕು ಅಂತ 13ನೇ ಲಿಯೋ ಪೋಪ್ 1891ರಲ್ಲೇ ಬರೆದ್ರು, ಸರಿ, ಆದ್ರೆ ಸಂಬಳ ನಿಂತು ಜನ ಬೀದೀಲಿ ಕೂತಿದ್ದಾಗ ಚರ್ಚು ಹೋಗಿ ಪಕ್ಕದಲ್ಲಿ ನಿಂತಿದ್ದು ಎಲ್ಲಾದ್ರೂ ಇದ್ಯಾ? ಯುವಜನರ ಗುಂಪಲ್ಲಿ ಈ ಸಲ ಇದನ್ನೇ ಮಾತಾಡ್ಬೇಕು ಅಂತಿದೀನಿ.

ಹಳೇಪೇಪರ್:
ಇದೆ. 1968, ಅಮೆರಿಕದ ಮೆಂಫಿಸ್. ಊರಿನ ಕಸ ಎತ್ತೋರು, ನಮ್ಮಲ್ಲಿ ಪೌರಕಾರ್ಮಿಕರು ಅಂತೀವಲ್ಲ ಅವರು, ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಫೆಬ್ರವರಿ 1ಕ್ಕೆ ಮಳೆ ಅಂತ ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನೋ ಇಬ್ರು ಕಸದ ಲಾರಿ ಹಿಂದುಗಡೆ ಒಳಗೆ ನಿಂತ್ಕೊಂಡ್ರು, ಕಸ ಅದುಮೋ ಮೆಷಿನ್ ಇದ್ದಕ್ಕಿದ್ದಂಗೆ ಓಡಿ ಇಬ್ರೂ ಸತ್ತೋದ್ರು. 12ನೇ ತಾರೀಕು ಸುಮಾರು 1,300 ಜನ ಕೆಲಸ ನಿಲ್ಲಿಸಿದ್ರು. ಯೂನಿಯನ್ ಒಪ್ಪಲ್ಲ ಅಂತ ಮೇಯರ್ ಹೆನ್ರಿ ಲೋಬ್ ಹಟ ಹಿಡಿದ. 23ಕ್ಕೆ ಮೆರವಣಿಗೆ ಮೇಲೆ ಪೊಲೀಸ್ರು ಕಣ್ಣುರಿಯೋ ಸ್ಪ್ರೇ ಹೊಡೆದ್ರು, ಜೊತೇಲಿದ್ದ ಪಾಸ್ಟರ್‌ಗಳಿಗೂ ಬಿತ್ತು, ಅಲ್ಲಿಂದ ಪಾಸ್ಟರ್‌ಗಳೇ ಸೇರಿ ಸಮಿತಿ ಮಾಡ್ಕೊಂಡ್ರು. ಚರ್ಚುಗಳಲ್ಲಿ ಕಾಣಿಕೆ ಎತ್ತಿ ಆ ಮನೆಗಳಿಗೆ ದುಡ್ಡು ಕೊಟ್ರು, ಪೇಟೆ ಅಂಗಡಿಗಳಲ್ಲಿ ಏನೂ ಕೊಳ್ಬೇಡಿ ಅಂತ ಪ್ರವಚನ ಕೊಡೋ ಪುಲ್ಪಿಟ್‌ನಿಂದಲೇ ಹೇಳಿದ್ರು. ಕ್ಲೇಬಾರ್ನ್ ಟೆಂಪಲ್ ಅನ್ನೋ ಚರ್ಚಿಂದ ಮೆರವಣಿಗೆ ಹೊರಡ್ತಿತ್ತು, ‘ನಾನು ಮನುಷ್ಯ’ ಅನ್ನೋ ಆ ಬೋರ್ಡುಗಳು ತಯಾರಾಗಿದ್ದೂ ಅಲ್ಲೇ. ಮಾರ್ಚ್ 28ಕ್ಕೆ ಆ ಚರ್ಚಿನೊಳಗೂ ಅಶ್ರುವಾಯು ಬಿಟ್ರು.

ಸಮಿತಿ ಅಧ್ಯಕ್ಷರು ಜೇಮ್ಸ್ ಲಾಸನ್ ಅನ್ನೋ ಮೆಥಡಿಸ್ಟ್ ಪಾಸ್ಟರ್. ಇವರು 1953ರಿಂದ ಮೂರು ವರ್ಷ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಲ್ಲಿದ್ರು, ಗಾಂಧಿ ಸತ್ಯಾಗ್ರಹ ಕಲ್ತು ವಾಪಸ್ ಹೋದವ್ರು. ಮಾರ್ಟಿನ್ ಲೂಥರ್ ಕಿಂಗ್‌ನ ಮೆಂಫಿಸ್‌ಗೆ ಕರೆಸಿದ್ದು ಇವರೇ. ಏಪ್ರಿಲ್ 3ಕ್ಕೆ ಮೇಸನ್ ಟೆಂಪಲ್ ಚರ್ಚಲ್ಲಿ ಕಿಂಗ್ ಕೊನೇ ಭಾಷಣ, ಮಾರನೇ ದಿನ ಗುಂಡು. 16ಕ್ಕೆ ನಗರಸಭೆ ಯೂನಿಯನ್ ಒಪ್ಪಿ ಕೂಲಿನೂ ಏರಿಸ್ತು. ಕಿಂಗ್ ಕೊಲೆ ಎಲ್ಲರಿಗೂ ಗೊತ್ತು, ಅವರು ಅಲ್ಲಿಗೆ ಹೋಗಿದ್ದು ಕಸ ಎತ್ತೋರ ಕೂಲಿಗೋಸ್ಕರ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ನಂಗೆ ತುಂಬಾ ಬೇಜಾರು.

ಬೆವರುಹನಿ:
ಕಪ್ಪು ಜನರ ಚರ್ಚು ತಮ್ಮ ಜನಕ್ಕೆ ನಿಂತಿದೆ, ಅದು ದೊಡ್ಡದೇ. ಆದ್ರೆ ಬಿಳಿಯರ ಚರ್ಚುಗಳು ಎಲ್ಲಿದ್ವು? ಇನ್ನೊಂದು, ಎಷ್ಟೋ ಕಡೆ ಚರ್ಚೇ ಮಾಲೀಕ. ನಮ್ಮತ್ತಿಗೆ ಒಂದು ಮಿಷನ್ ಸ್ಕೂಲಲ್ಲಿ ಆಯಾ, ಇಷ್ಟು ವರ್ಷ ಆದ್ರೂ ಪಿಎಫ್ ಇಲ್ಲ, ಕೇಳಿದ್ರೆ ಇದು ಸೇವೆ ಅಂತಾರೆ. ಸೇವೆ ಅಂದ್ಬಿಟ್ರೆ ಮನೆ ಬಾಡಿಗೆ ಯಾರ್ ಕಟ್ತಾರೆ? ಮೊದ್ಲು ನಿಮ್ಮ ಗೇಟಿನೊಳಗೆ ನೋಡಿ ಅಮ್ಮ, ಸಿಟ್ಟಿಂದ ಹೇಳ್ತಿಲ್ಲ.

ಹಳೇಪೇಪರ್:
ಬಿಳಿ ಪಾಸ್ಟರ್‌ಗಳಲ್ಲಿ ಬಹಳಷ್ಟು ಜನ ಸುಮ್ನಿದ್ರು. ಕಿಂಗ್ ಸತ್ತ ಮಾರನೇ ದಿನ ಸೇಂಟ್ ಮೇರೀಸ್ ಕೆಥೀಡ್ರಲ್‌ನಿಂದ ಕಪ್ಪು ಬಿಳಿ ಪಾದ್ರಿಗಳು ಒಟ್ಟಿಗೆ ಶಿಲುಬೆ ಹಿಡ್ಕೊಂಡು ಮೇಯರ್ ಆಫೀಸಿಗೆ ನಡೆದ್ರು, ಒಬ್ಬ ಯೆಹೂದಿ ರಬ್ಬಿನೂ ಇದ್ರು. ಹೆಣ ಬಿದ್ಮೇಲೆ ಎದ್ದಿದ್ದು, ಅದನ್ನ ಮುಚ್ಚಿಡೋ ಹಾಗಿಲ್ಲ. ಅತ್ತಿಗೆ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಮನೆಗೆಲಸಯೂನಿಯನ್:
ನಮ್ಮ ದೇಶದ್ದೂ ಒಂದು ಸೇರಿಸ್ತೀನಿ. ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ಡೆವೊಸ್ 1985ರಲ್ಲಿ ಮನೆಗೆಲಸದವರ ರಾಷ್ಟ್ರೀಯ ಆಂದೋಲನ ಶುರು ಮಾಡಿದ್ರು. ಮನೆಗೆಲಸ ಅಂದ್ರೆ ಒಬ್ಬೊಬ್ರು ಒಂದೊಂದು ಮನೇಲಿ ಬಾಗಿಲು ಹಾಕ್ಕೊಂಡು ಮಾಡೋ ಕೆಲಸ, ಫ್ಯಾಕ್ಟರಿ ಥರ ಗೇಟ್ ಹತ್ರ ಎಲ್ರೂ ಸಿಗಲ್ಲ, ಆದ್ದರಿಂದ ಸೇರೋ ಜಾಗನೇ ಅರ್ಧ ಹೋರಾಟ. ಕರ್ನಾಟಕದಲ್ಲಿ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಆಯ್ತು, ಅದಕ್ಕೆ ಇಲ್ಲಿನ ಬೇರೆ ಬೇರೆ ಹೆಣ್ಮಕ್ಕಳ ಸಂಘಟನೆಗಳು ದುಡಿದ್ವು, ಚರ್ಚಿಂದ ಮಾತ್ರ ಆಗಿದ್ದಲ್ಲ. ಮನೆಗೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್ಒ) 2011ರಲ್ಲಿ ತಂದ 189ನೇ ಒಪ್ಪಂದದ ಪರ ಭಾರತ ವೋಟ್ ಹಾಕ್ತು, ಅನುಮೋದನೆ ಮಾತ್ರ ಇನ್ನೂ ಮಾಡಿಲ್ಲ. ಒಂದೇ ಕೋರಿಕೆ: ಚರ್ಚಿನವರು ಬಂದ್ರೆ ಜಾಗ ಕೊಡಿ, ವಕೀಲರನ್ನ ಕರ್ಕೊಂಡ್ಬನ್ನಿ, ಮೈಕ್ ನಮ್ಮ ಹೆಂಗಸ್ರ ಕೈಲಿರ್ಲಿ.

ಶಿವಾಜಿನಗರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಚರ್ಚ್ ಹಾಲ್ ಭಾನುವಾರ ಮಧ್ಯಾಹ್ನ ಖಾಲಿನೇ ಇರತ್ತೆ, ಫಾದರ್ ಹತ್ರ ಕೇಳ್ತೀನಿ. ಬೆವರುಹನಿ ಅಣ್ಣ, ಪಿಎಫ್ ಮಾತೂ ಎತ್ತೀನಿ, ನಮ್ಮ ಚರ್ಚಲ್ಲಿ ಗುಡಿಸೋರಿಂದಲೇ ಶುರು ಮಾಡಿ.

ಮನೆಗೆಲಸಯೂನಿಯನ್:
ಮೂರು ಗಂಟೆ ಮೇಲೆ ಇಟ್ಕೊಳ್ಳಿ, ಅದಕ್ಕೆ ಮುಂಚೆ ಯಾರಿಗೂ ಬಿಡುವಾಗಲ್ಲ. ಮಕ್ಕಳನ್ನ ನೋಡ್ಕೊಳ್ಳೋಕೆ ನಿಮ್ಮ ಯುವಜನರಲ್ಲಿ ಇಬ್ರನ್ನ ಇರೋಕೆ ಹೇಳಿ.