ಸಹಾಯ ಬೇಕು: ಮನೆಯಿಂದಲೇ ಕಲಿಯುವ ಮಕ್ಕಳೊಂದಿಗೆ ಸಾಂಸ್ಕೃತಿಕ ವೈವಿಧ್ಯ ದಿನ

ಎಲ್ಲರಿಗೂ ನಮಸ್ಕಾರ. ಮೂರನೇ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡುತ್ತಿರುವ ನಾನು, ವಿಶ್ವಸಂಸ್ಥೆ 2002ರಲ್ಲಿ ಘೋಷಿಸಿದ ಸಾಂಸ್ಕೃತಿಕ ವೈವಿಧ್ಯ ದಿನವನ್ನು ಮೇ 21ರಂದು ಅವರೊಂದಿಗೆ ಆಚರಿಸಬೇಕೆಂದಿದ್ದೇನೆ. ಕಳೆದ ಬಾರಿ ವೇಷಭೂಷಣ ತೊಟ್ಟು ಬರಲು ಹೇಳಿದ್ದು ನನ್ನದೇ ತಪ್ಪು: ಅದು ಪೋಷಕರ ಪೈಪೋಟಿಯಾಯಿತು, ಮನೆಯಲ್ಲಿ ಬೇರೆ ಭಾಷೆಯಾಡುವ ಒಬ್ಬ ಹುಡುಗಿಯಂತೂ ಕ್ಯಾಮೆರಾವನ್ನು ಛಾವಣಿಯತ್ತ ತಿರುಗಿಸಿ ಕೊನೆಯವರೆಗೂ ಮೌನವಾಗಿದ್ದಳು. ಈ ಸಲ ಪ್ರತಿ ಮಗುವೂ ಮನೆಯ ಹಿರಿಯರಿಂದ ಒಂದು ಜೋಗುಳವನ್ನೋ ಒಗಟನ್ನೋ ಕೇಳಿ, ಮನೆಮಾತಿನಲ್ಲೇ ಧ್ವನಿಮುದ್ರಿಸಿ ಕಳುಹಿಸಲಿ ಎಂಬ ಯೋಚನೆಯಿದೆ. ಹಾಗೆ ಮಾಡಿದರೆ ಸಂಜೆಯಷ್ಟೇ ಫೋನ್ ಕೈಗೆ ಸಿಗುವ ಮಕ್ಕಳೂ ಹಿಂದುಳಿಯುವುದಿಲ್ಲ. ಆದರೆ ಅರ್ಥವಾಗದ ಮಾತು ಕೇಳಿದಾಗ ಉಳಿದವರು ನಗದೆ, ಕುತೂಹಲದಿಂದ ಆಲಿಸುವಂತೆ ಮಾಡುವುದು ಹೇಗೆ? ಎಂಟು ವರ್ಷದ ಮಕ್ಕಳೊಂದಿಗೆ ಇಂಥದ್ದನ್ನು ಮಾಡಿ ನೋಡಿದವರು, 40 ನಿಮಿಷದ ತರಗತಿಯಲ್ಲಿ ಅದನ್ನು ಹೇಗೆ ಹೊಂದಿಸಿದಿರೆಂದು ದಯವಿಟ್ಟು ತಿಳಿಸಿ.